ಕೇರುವ ಲೆಕ್ಕ

ಅಕ್ಕಿ ಗಿರಣಿಯ ಖಾತೆ ಬರೆಯುವವಳು ನಾನು,
ಹನ್ನೊಂದು ವರ್ಷದಿಂದ.
ನುಚ್ಚಿಗೆಷ್ಟು, ತವುಡಿಗೆಷ್ಟು, ಹೊಟ್ಟಿಗೂ ಎಷ್ಟು,
ಬಾಯಲ್ಲೇ ಇದೆ. ಗಂಗಾವತಿಯಲ್ಲಿ
ಬೆಲೆಯಿಲ್ಲದ್ದು ಧೂಳೊಂದೇ,
ಅದೂ ಕೆಮ್ಮಾಗಿ ಬಂದರೆ ಡಾಕ್ಟರ ಫೀಸು.

ಹೊಸ ಬಾಡಿಗೆಮನೆ. ಪಡಸಾಲೆಯ ಗೋಡೆ ಬೋಳು.
ಹೊಸಪೇಟೆಯ ಪ್ರದರ್ಶನದಲ್ಲಿ ಮೊರವೊಂದು ತೂಗುತ್ತಿತ್ತು,
ಕೆಂಪು ಅಂಚು, ಕೊರಳಿಗೆ ಚೀಟಿ:
ಕೈಯಿಂದ ಹೆಣೆದದ್ದು, ಒಂಬೈನೂರ ಐವತ್ತು.
ಯಾರ ಕೈ ಎಂದು ಕೇಳಿದೆ.
ಅಂಗಡಿಯ ಹುಡುಗ ಚೀಟಿ ತಿರುಗಿಸಿ ನೋಡಿದ.
ಹಿಂದೆ ಬರೀ ಕರಿ ಗೀಟುಗಳು,
ಯಂತ್ರ ಓದುವಂಥವು.

ಭಾನುವಾರ ಆ ಕೈ ಹುಡುಕಿ ಹೊರಟೆ.
ದೊಡ್ಡ ಪುಣ್ಯವೇನಲ್ಲ,
ನಡುವಿನವರ ಪಾಲು ಉಳಿದೀತೆಂಬ ಆಸೆಯೂ ಇತ್ತು.
ಅದನ್ನೂ ಇಲ್ಲೇ ಬರೆದಿಡುತ್ತೇನೆ.

ಕಾಲುವೆ ದಾಟಿ ಮೇದಾರ ಓಣಿ.
ಬಿದಿರ ಸೀಳನ್ನು ಕಾಲ್ಬೆರಳಲ್ಲಿ ಒತ್ತಿ ಹಿಡಿದು
ಹೆರೆಯುತ್ತ ಕೂತಿದ್ದಳು ಗಾಳೆಮ್ಮ.
"ಯಾತಕ್ಕ ಬೇಕವ್ವಾ ಮರ?"
ನಮ್ಮ ಕಡೆಯ ಬಾಯಲ್ಲಿ ಮೊರವೂ ಮರವೇ.
"ಗೋಡಿಗೆ ತೂಗಹಾಕಾಕ."
ಅವಳ ಕೈ ನಿಂತಿತು.
"ಗೋಡಿ ಏನು ಕೇರತೈತಿ?"

ಅವಳ ಹಿಂದೆ, ಹೊಸ್ತಿಲಲ್ಲಿ,
ಸೊಸೆ ಅಕ್ಕಿ ಹಸನು ಮಾಡುತ್ತಿದ್ದಳು
ನೀಲಿ ಪ್ಲಾಸ್ಟಿಕ್ಕಿನ ಮೊರದಲ್ಲಿ.
ನಾನು ನೋಡಿದ್ದನ್ನು ಗಾಳೆಮ್ಮ ನೋಡಿದಳು.
"ಮಾರೋದನ್ನ ಮನ್ಯಾಗಿಟಗೊಂಡ್ರ
ಅದರಾಗ ಕೇರಾಕ ಅಕ್ಕಿ ಎಲ್ಲಿಂದ ತರೋದು?"

ಎಷ್ಟು ಎಂದೆ. ಇನ್ನೂರಾ ಎಂಬತ್ತು ಅಂದಳು.
ನನ್ನ ತಲೆ ಸುಮ್ಮನಿರಬೇಕಲ್ಲ:
ಗಳ ದಾಂಡೇಲಿಯಿಂದ, ನಾಲ್ಕು ಮನೆ ಕೂಡಿ ಲಾರಿ ಬಾಡಿಗೆ,
ಸೀಳಲು ಅರ್ಧ ದಿನ, ಹೆಣೆಯಲು ಪೂರ್ತಿ ಒಂದು,
ಮೆಂತ್ಯ ಅರೆದು, ಹಳೆ ಪೇಪರು ನೆನೆಸಿ
ಸಂದು ಮುಚ್ಚಿ ಬಳಿಯಲು ಒಂದು ಸಂಜೆ.
ಉಗುರಿನಡಿ ಹೊಕ್ಕ ಸಿಬಿರು
ಯಾವ ಕಾಲಮ್ಮಿಗೂ ಸೇರಲಿಲ್ಲ.
ಕೂಡಿಸಿದೆ. ನಮ್ಮ ಹಮಾಲಿ
ಮಧ್ಯಾಹ್ನದೊಳಗೆ ಅಷ್ಟು ದುಡಿದಿರುತ್ತಾನೆ.

ಐನೂರರ ನೋಟು ಕೊಟ್ಟೆ, ಚಿಲ್ಲರೆ ಬೇಡ ಅಂದೆ,
ಒಳಗೊಳಗೇ ಒಂದು ಗೇಣು ಎತ್ತರವಾಗುತ್ತ.

ಗಾಳೆಮ್ಮ ಸೆರಗಿನ ಗಂಟು ಬಿಚ್ಚಿ
ಇನ್ನೂರಾ ಇಪ್ಪತ್ತು ಎಣಿಸಿ ನನ್ನ ಮುಂದಿಟ್ಟಳು.
"ಭಿಕ್ಷಾ ಬೇಡಾಕ ಕುಂತಿಲ್ಲವ್ವ ನಾನು.
ರೇಟು ಕಮ್ಮಿ ಅನಸಿದ್ರ ನಿಮ್ಮ ಗಿರಣ್ಯಾಗ ಹೇಳು.
ಮೊದಲೆಲ್ಲ ತಿಂಗಳಿಗೆ ನಲವತ್ತು ಪುಟ್ಟಿ
ಇಲ್ಲಿಂದ ಹೋಗತಿದ್ದು.
ಈಗ ಪ್ಲಾಸ್ಟಿಕ್ಕಿನವು ತರಸ್ತಾರಂತ,
ಯಾರು ತಪ್ಪಿಸಿದ್ರೋ ಏನೋ."

ಯಾರೋ ಏನೋ.
ಮೂರು ವರ್ಷದ ಹಿಂದಿನ ಆ ಪುಟ
ಎಡಗಡೆಯದು, ಮೂಲೆಯಲ್ಲಿ ಚಹಾದ ಕಲೆ.
ಪುಟ್ಟಿ ಬಾಬ್ತು ಉಳಿತಾಯ ಎಂದು ಬರೆದು
ಕೆಳಗೆ ಎರಡು ಗೀಟು ಎಳೆದದ್ದು
ನನ್ನದೇ ದುಂಡು ಅಕ್ಷರ.
ಆ ದೀಪಾವಳಿಗೆ ಮಾಲೀಕರು ಸೀರೆ ಕೊಟ್ಟಿದ್ದರು.

ಅವಳಿಗೆ ಹೇಳಲಿಲ್ಲ.
ಚಿಲ್ಲರೆ ಪರ್ಸಿಗೆ ಹಾಕಿಕೊಂಡು
ಮೊರವನ್ನು ಮಗುವಿನಂತೆ ಎದೆಗವಚಿ
ಸ್ಕೂಟಿಯವರೆಗೆ ನಡೆದೆ.

ಸೋಮವಾರ ಮಾಲೀಕರ ಮುಂದೆ ಪುಟ ತೆರೆದೆ.
ನೋಡೋಣ ಅಂದರು.
ಬುಧವಾರ ಮತ್ತೆ ತೆರೆದೆ. ಹತ್ತು ಪುಟ್ಟಿ
ತರಿಸಿ ನೋಡೋಣ ಅಂದರು.
ನಲವತ್ತಕ್ಕೂ ಹತ್ತಕ್ಕೂ ನಡುವಿನ ವ್ಯತ್ಯಾಸ
ಯಾವ ಹೆಸರಿಗೆ ಬರೆಯಲಿ?

ಗೋಡೆ ಇನ್ನೂ ಬೋಳಾಗಿದೆ.
ಮೊರ ಅಡುಗೆಮನೆಯ ನೆಲದಲ್ಲಿ.
ಎರಡು ಸೇರು ಸೋನಾ ಮಸೂರಿ ಸುರಿದು
ಕೂತು, ಮೊಣಕೈ ಎತ್ತಿ,
ನೋಡಿದ್ದ ಹಾಗೆಯೇ ಒಮ್ಮೆ ಹಾರಿಸಿದೆ.
ಕಲ್ಲು ಉಳಿಯಿತು, ಅಕ್ಕಿ ಹಾರಿತು.
ಹನ್ನೊಂದು ವರ್ಷ ಅಕ್ಕಿ ಬರೆದವಳು
ಬಗ್ಗಿ, ಫ್ರಿಜ್ಜಿನಡಿಯಿಂದ
ಒಂದೊಂದೇ ಕಾಳು ಹೆಕ್ಕುತ್ತಿದ್ದೇನೆ.