ಎಡಗಡಿ ಮುಳ್ಳು

ಬರ್ರಿ ತಮ್ಮಾ, ನೆರಳಿಗೆ ಬರ್ರಿ.
ಹೈದರಾಬಾದಿನಿಂದ ಈ ಬಿಸಿಲಾಗ ಬಂದೀರಿ, ಮೊದಲು ನೀರು ಕುಡೀರಿ.
ಗಾಡಿ ಎಲ್ಲಿ ಓಡಿ ಹೋಗ್ತದ?
ಐವತ್ತು ವರ್ಷ ಹೋಗಿಲ್ಲ.

ಮಾರೋರ ಹೆಸರು ನನ್ನ ಬಾಯಾಗ ಬರಂಗಿಲ್ಲ,
ಬಾಗಿಲ ಮ್ಯಾಲ ಬೋರ್ಡ್ ಅದ, ಓದ್ಕೋರಿ:
ವೈಜಿನಾಥ ಲೇಥ್ ವರ್ಕ್ಸ್, ಗಾಂಧಿ ಗಂಜ್, ಬೀದರ.
ಅಲ್ಲಿ ಗಾಲಿ ಹತ್ರ ಕುಂತು
ಒಂದೊಂದೇ ಕಡ್ಡಿ ಒರಸ್ಲಿಕತ್ತಾರಲ್ಲ, ಅವರೇ.
ಮಾತು ಕಡಿಮಿ. ಕೇಳೋದಿದ್ರ ನನ್ನ ಕೇಳ್ರಿ.

ಎಂ.ಜಿ. ಅಂತಾರ ಇದಕ್ಕ. ನಲವತ್ತೆಂಟರದ್ದು.
ಶಹಾಬಾದದಾಗ ಯಾವನೋ ಫ್ಯಾಕ್ಟರಿ ಸಾಹೇಬ ಬಿಟ್ಟು ಹೋಗಿದ್ದ,
ಸೀಟಿನ್ಯಾಗ ಕೋಳಿ ಕಾವಿಗೆ ಕುಂತಿತ್ತಂತ.
ಇವರು ಫರ್ಸಿ ಕಲ್ಲಿನ ಲಾರಿ ಮ್ಯಾಲ ಹೇರಿ ತಂದರು.
ನನ್ನ ಮದುವಿ ಬಳಿ ಒಂದೂ ಒಡದಿದ್ದಿಲ್ಲ ಇನ್ನ.

ಮುಚ್ಚಿಡೋದೇನದ, ಹೇಳ್ತೀನಿ:
ಬಾಗಿಲದ ಕಟ್ಟಿಗಿ ಹುಳ ತಿಂದಿತ್ತು,
ಭಾಲ್ಕಿ ಬಡಿಗ್ಯಾರ ಝರೆಪ್ಪ ಸಾಗವಾನಿ ಹಾಕ್ಯಾನ.
ಗೇರಿನ ಗುಂಡು ನಮ್ಮೂರ ಬಿದರಿ.
ಖುದ್ದೂಸ್ ಭಾಯಿ ಬೆಳ್ಳಿ ತಂತಿ ಬಡದು
ಕಿಲ್ಲಾದಾಗಿನ ಮಣ್ಣಾಗ ಕುದಿಸಿ ಕಪ್ಪು ಮಾಡಿ ಕೊಟ್ಟಾರ.
ಬಿಸಿಲು ಮಳಿ ಕಾಣದ ಮಣ್ಣೇ ಬೇಕಂತ ಅದಕ್ಕ.
ಈ ಗಾಡಿನೂ ಹಂಗೇ ಇಟ್ಟೀವಿ.
ಒರಿಜಿನಲ್ ಅಲ್ಲಂತ ರೊಕ್ಕ ಮುರ್ಕೋತೀರಾ?
ಮುರ್ಕೋರಿ. ಗುಂಡು ಬಿಚ್ಚಿ ನಾವು ಇಟ್ಕೋತೀವಿ.

ಕೀಲಿ ತಿರುವಿದ್ರ ಮೊದಲು ಪೆಟ್ರೋಲ್ ಪಂಪು
ಟಿಕ್ ಟಿಕ್ ಅಂತದ, ಹಲ್ಲಿ ಲೊಚಗುಟ್ಟಿದಂಗ.
ಅದು ಹೌದು ಹೌದು ಅಂದು ಸುಮ್ಮನಾಗೋತನಕ
ಯಾವ ಗುಬಟಿನೂ ಎಳೀಬ್ಯಾಡ್ರಿ.

ಐಬು ಒಂದೇ. ಬಗ್ಗಿ ನೋಡ್ರಿ ಒಳಗ,
ನನ್ನ ಮೊಳಕಾಲು ಈಗ ಅಲ್ಲಿ ಮಡಚಂಗಿಲ್ಲ.
ಗಡಿಯಾರ ಎರಡು.
ಸ್ಟೇರಿಂಗಿನ ಮುಂದಿನದು, ಇಂಜಿನ್ ಎಷ್ಟು ತಿರಗ್ತದ ಅಂಬೋದು.
ಗಾಡಿ ಎಷ್ಟು ಓಡ್ತದ ಅಂಬೋದು ಎಡಕ್ಕದ,
ಬಾಜೂಕ ಕುಂತೋರ ಮುಂದ.
ವಿಲಾಯತಿಯವರಿಗೆ ಯಾಕ ಹಂಗ ಹೊಳೀತೋ!
ಮೂರನೆತ್ತೆ ಓದೀನಿ ನಾ, ಅದೂ ಮರಾಠಿ ಶಾಳಾದಾಗ.
ಇಂಗ್ರೇಜಿ ಅಂಕಿ ಈ ಮುಳ್ಳೇ ಕಲಿಸ್ತು.

ಹುಮನಾಬಾದ ರೋಡಿಗೆ ಬಿದ್ರ ಇವರು ಕೇಳೋರು,
"ಎಷ್ಟದ?"
"ನಲವತ್ತು" ಅಂತಿದ್ದೆ.
ಅಷ್ಟೇ ಮಾತು ನಮ್ಮವು.
ಬ್ಯಾರೆಯವರ ಸಂಸಾರದಾಗ ಎಷ್ಟಿರ್ತಾವೋ, ನನಗ ಗೊತ್ತಿಲ್ಲ.

ಇನ್ನ ಸ್ವಲ್ಪ ಈ ಕಡಿ ಬರ್ರಿ.
ಮುಳ್ಳು ಇಪ್ಪತ್ತೆಂಟರ ಮ್ಯಾಲ ನಡಗ್ತಿತ್ತು ತಮ್ಮಾ.
ನಲವತ್ತು ನಾ ಅಂದದ್ದು.
ಮೊದಲ ಸಲ ಅಂಜಿ ಅಂದೆ,
ಎದುರಿಗೆ ಕಬ್ಬಿನ ಲಾರಿ ಬಂದಿತ್ತು.
ಇವರು ಕಾಲು ಸಡಲಿಸಿದರು.
ನನ್ನ ಒಂದು ಮಾತಿಗೆ ಇಂಥಾ ಇಂಜಿನ್ ದನಿ ತಗ್ಗಸ್ತು!
ಆಮ್ಯಾಲ ಅಂಜಿಕಿ ಇಲ್ದೆನೂ ಅಂದೆ.

ಇಂಜಿನ್ ಬಿಚ್ಚಿಲ್ಲ. ಗಾಲಿ ಕಡ್ಡಿ ಮುರದಿಲ್ಲ.
ಮಡಚೋ ಗಾಜಿಗಿ ಒಂದು ಗೀರಿಲ್ಲ.
ಛಲೋ ಇಟ್ಟೀರಿ ಅಂತ ಬಂದೋರೆಲ್ಲ ಇವರಿಗೆ ಕೈ ಕೊಡ್ತಾರ.
ನಾ ಚಾ ತರ್ತೀನಿ.

ಏನಂದ್ರಿ?
ಈ ಬಲಗಡಿ ಗಡಿಯಾರ ನೋಡಿದ್ರ ಸಾಕಾ?
ಇಂಥಾ ಗೇರು, ಇಷ್ಟು ಸುತ್ತು, ಅಂದ್ರ ಇಷ್ಟು ಮೈಲು
ಅಂತ ಲೆಕ್ಕ ಬರ್ತದಾ?
ಲೇಥಿನ ಮ್ಯಾಲ ಕೈ ಪಳಗಿದೋರಿಗೆ
ಅದು ಬಾಯಿಪಾಠದ ಲೆಕ್ಕಾ?

ಐವತ್ತು ವರ್ಷ.

ಏನ್ರೀ,
ಕೇಳಸ್ತದೇನು, ಈ ತಮ್ಮ ಏನಂಬ್ಲಿಕತ್ತಾನ?

ನೋಡ್ರಿ,
ಒರಸಿದ ಕಡ್ಡಿನೇ ಮತ್ತ ಒರಸ್ಲಿಕತ್ತಾರ.