ಸದರಿ ಸ್ವತ್ತು

ಮುಂಜಾನೆ ಹೊಸೂರಿನಾಗ ಚಿಗರಿ ಹತ್ತೂ ಮುಂದ ನೂರು.
ಉಣಕಲ್ ಕೆರಿ ದಾಟೂದ್ರಾಗ ತೊಂಬತ್ತು,
ನವನಗರಕ್ಕ ಎಂಬತ್ತೆರಡು,
ಸತ್ತೂರಿನಾಗ ಒಂದು ಸಿಗ್ನಲ್ ಕೆಂಪಾದ್ರ ಸಾಕು
ಇನ್ನೆರಡು ಹೋದ್ವು.
ನಾ ಅದನ್ನ ಮುಟ್ಟಿರಂಗಿಲ್ಲ.
ಚೀಲದಾಗ, ಊಟದ ಡಬ್ಬಿ ಬಾಜೂಕ ಸುಮ್ನ ಕುಂತಿರ್ತೈತಿ,
ಕುಂತಲ್ಲೇ ಕರಗತೈತಿ.

ಹದಿನಾಲ್ಕು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು.
ಉಳಿದ ಒಂದು ರೂಪಾಯಿಗೆ ಚಾಕಲೇಟ್ ಕೊಟ್ಟಿದ್ದ
ದುರ್ಗದ ಬೈಲಿನ ಅಂಗಡಿ ಹುಡುಗ, ಮುನಾಫ.
"ಏಳು ದಿನದಾಗ ಬದಲಿ ಐತ್ರಿ ಅಕ್ಕಾರ,
ಆಮ್ಯಾಲೆ ಕೇಳಬ್ಯಾಡ್ರಿ."
ಇವತ್ತು ಏಳನೇ ದಿನ.

ಧಾರವಾಡದ ನೋಂದಣಿ ಕಚೇರಿ ಹೊರಗ
ತಗಡಿನ ಶೆಡ್ಡು, ಒಂದು ಕಂಪ್ಯೂಟರು, ನಾನು.
ಹದಿನಾರು ವರ್ಷದಿಂದ ಇದನ್ನ ಬಡೀತೀನಿ:
ಸದರಿ ಸ್ವತ್ತಿನ ಮೇಲೆ ಇನ್ನು ಮುಂದೆ ನನ್ನದಾಗಲಿ
ನನ್ನ ವಾರಸುದಾರರದಾಗಲಿ
ಯಾವುದೇ ಹಕ್ಕು, ತಂಟೆ, ತಕರಾರು ಇರುವುದಿಲ್ಲ.
ಹೆಂಗಸರು ಬರ್ತಾರ ಅಣ್ಣತಮ್ಮಂದಿರ ಬೆನ್ನ ಹಿಂದ,
ಹೆಬ್ಬೆರಳು ಸೆರಗಿಗೆ ಒರಸಿ ಮಷೀನಿನ ಮ್ಯಾಲೆ ಇಡ್ತಾರ.
ಹೋದ ತಿಂಗಳು ಒಬ್ಬಾಕಿ, ಕಲಘಟಗಿ ಕಡೆಯಾಕಿ, ಕೇಳಿದ್ಲು:
"ಯವ್ವಾ, ಇದನ್ನ ಹೊಳ್ಳಿ ತಗೊಳ್ಳಾಕ ಎಷ್ಟು ದಿನ ಐತಿ?"
ಕ್ಯೂದಾಗಿನವರು ನಕ್ಕರು.
ನಾ ಪ್ರಿಂಟರಿಗೆ ಹಾಳಿ ತುಂಬಿದೆ.

ನಮ್ಮಣ್ಣ ರಾಚಪ್ಪ ಬೆಟಗೇರಿಯಿಂದ
ದಿನಾ ಸಂಜಿ ಫೋನ್ ಹಚ್ತಾನ.
ಅಪ್ಪನ ಮನಿ. ನಾಲ್ಕಂಕಣ. ಮಗ್ಗದ ಕುಣಿ ಮುಚ್ಚಿ
ಮ್ಯಾಲೆ ಫರಸಿ ಹಾಸಿದ್ದು.
"ಒಂದು ಸಹಿ ತಂಗೀ. ಪತ್ರಾ ನೀನ ಟೈಪ್ ಮಾಡು,
ಖರ್ಚೂ ಉಳೀತೈತಿ."

ಹಳೇ ಫೋನು ಎರಡೆರಡು ದಿನ ತಡೀತಿತ್ತು,
ನಾನ ಅದನ್ನ ಸಾಯಿಸ್ತಿದ್ದೆ:
"ಚಾರ್ಜ್ ಹೋಗಿತ್ತಣ್ಣಾ."
ಎರಡು ವರ್ಷ ಹಂಗ ನಡೀತು.
ಒಂದಿನ ಬಕೀಟಿನಾಗ ಬಿದ್ದು ಅದು ಖರೇನ ಸತ್ತಿತು,
ನನ್ನ ಮಾತು ಕೇಳಿ ಕೇಳಿ ಸಾಕಾಗಿತ್ತೇನೋ.
ಇದು ಹೊಸಾದು ನೋಡ್ರಿ, ಬರೋಬ್ಬರಿ ಐದಕ್ಕ ಕಣ್ಣು ಮುಚ್ಚತೈತಿ.
ಆರು ದಿನ ಆತು ನಾ ಒಂದೂ ಸುಳ್ಳು ಹೇಳಿಲ್ಲ.
ಇಂಥಾ ಉಪಕಾರೀನ ವಾಪಸ್ ಕೊಡೂದ?

ಆದ್ರ ಮೊನ್ನೆ
ಟ್ಯೂಷನ್ ಬಿಟ್ಟ ಮಗಳು ಸ್ಟಾಪಿನಾಗ ಮುಕ್ಕಾಲು ತಾಸು ನಿಂತ್ಲು.
ಹನ್ನೊಂದು ಸಲ ಹಚ್ಚಿದ್ಲಂತ.
"ಚಾರ್ಜ್ ಹೋಗಿತ್ತವ್ವಾ" ಅಂದೆ.
ಮಾರಿ ನೋಡಿದ್ಲು.
ಇದ ಮಾತು, ಇದ ದನಿ,
ಮಾಮಾಗ ಹೇಳೂದನ್ನ ಆಕಿ ಎಷ್ಟು ಸಲ ಕೇಳ್ಯಾಳೋ.

ದುರ್ಗದ ಬೈಲಿನಾಗ ಗಿರ್ಮಿಟ್ ಗಾಡಿ ಮುಂದ ಗದ್ದಲ.
ಅಂಗಡಿ ಬಾಗಲಾ ಅರ್ಧಾ ಇಳಿದಿತ್ತು.
"ಬಿಲ್ಲ ತೋರಸ್ರಿ."
ಬಿಲ್ಲ ಫೋನಿನಾಗ.
ಫೋನು ಸತ್ತೈತಿ.
ಮುನಾಫ ನಕ್ಕು ವಾಯರ್ ಚುಚ್ಚಿದ, ಸ್ಟೂಲ್ ಸರಿಸಿದ.
ಸತ್ತೈತಿ ಅಂತ ಸಾಬೀತು ಮಾಡಾಕ
ಮೊದಲ ಬದುಕಿಸಬೇಕು.
ಕುಂತೆ. ಚಾ ಬಂತು. ಒಂದು ಪರ್ಸೆಂಟ್.
ಕಂಪನಿ ಹೆಸರು ಕುಣಿದು ನಿಂತಿತು. ಎರಡು.
ಮೂರಕ್ಕ ಗಂಟಿ ಬಾರಿಸ್ತು.

"ನಿಮ್ದ ಐತ್ರಿ, ಎತ್ರಿ."
ವಾಯರ್ ಗಿಡ್ಡಾದು. ಗಾಜಿನ ಕೌಂಟರಿಗೆ ಮಾರಿ ತಾಗಿಸಿ
ಬಗ್ಗಿ ಮಾತಾಡಬೇಕಾತು,
ನೆಟ್ಟಗ ನಿಲ್ಲಾಕೂ ಬರ್ಲಿಲ್ಲ.
"ಅಣ್ಣಾ, ಇಲ್ಲ, ಚಾರ್ಜ್ ಐತಿ.
ಸಹಿ ಮಾಡಂಗಿಲ್ಲ.
ಹೂಂ. ಕೇಳಸ್ತಲ್ಲ?
ನನ್ನ ಎರಡಂಕಣ ನನಗ ಇರ್ಲಿ."
ಆ ಕಡಿ ಯಾವುದೋ ಗಾಡಿ ಹಾರ್ನು,
ಆಮ್ಯಾಲೆ ಅಣ್ಣನ ಉಸರು,
ಆಮ್ಯಾಲೆ ಅದೂ ಇಲ್ಲ.

ಮುನಾಫ ಚಾದ ಗ್ಲಾಸು ಆ ಕಡಿ ಈ ಕಡಿ ಸರಿಸಿದ.
"ಮತ್ತ ಅಕ್ಕಾರ... ಬದಲಿ ಬೇಕೋ ಏನ್ರಿ?"

ಬೇಕಪಾ.
ಇದರ ಬ್ಯಾಟರಿ ಸಾಲೂದಿಲ್ಲ.
ಇನ್ನ ಭಾಳ ಮಾತಾಡೂದೈತಿ.