ಛೇದ

ನಮೂನೆಯ ಹನ್ನೊಂದನೇ ಮನೆಗೆ ಬೀಗ.
ಬೀಗವೂ ಅಲ್ಲ ಅದು, ಕೊಂಡಿಗೆ ಸುತ್ತಿದ
ಸೈಕಲ್ ಚೈನಿನ ತುಂಡು, ಮೇಲೊಂದು ಹಗ್ಗದ ಗಂಟು.
ಜತ್ತ ತಾಲೂಕು, ಸಂಖ ದಾಟಿದ ಮೇಲೆ ಬರುವ ವಸ್ತಿ.
ಟ್ಯಾಬು ಮರಾಠಿಯಲ್ಲಿ ಕೇಳುತ್ತದೆ,
ನಾನು ಅದನ್ನು ಕನ್ನಡದಲ್ಲಿ ಕೇಳುತ್ತೇನೆ,
ಗೂಟದ ಎಮ್ಮೆ ಎರಡಕ್ಕೂ ಮೆಲುಕು ಹಾಕುತ್ತದೆ.

ಸೂರು ತಗಡೋ, ಹೆಂಚೋ, ಕಾಂಕ್ರೀಟೋ?
ಒಲೆಗೆ ಏನು ಹಾಕುತ್ತೀರಿ?
ಆರು ತುಂಬಿದ ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರೆಯೆ?
ಮನೆಯಲ್ಲಿ ಸೈಕಲ್ ಇದೆಯೆ?
ಇದೊಂದಕ್ಕೆ ಬಾಗಿಲೇ ಉತ್ತರಿಸಿತು:
ಇತ್ತು, ಒಂದು ಕಾಲಕ್ಕೆ.

"ಕಬ್ಬ ಕಡಿಲಾಕ ಹೋಗ್ಯಾರ್ರೀ, ಅಥಣಿ ಕಡೆ,"
ಪಕ್ಕದ ಮನೆಯ ನೀಲವ್ವ ಅಂದಳು.
"ದಸರಾದ ಮರದಿನ ಟ್ರ್ಯಾಕ್ಟರ್ ಬಂದಿತ್ತು.
ಕೊಡ, ಕೋಳಿ, ಹುಡುಗೂರು, ಎಲ್ಲಾ ಹೇರಿಕೊಂಡ ಹೋದರು."

ಕೈಪಿಡಿ ಹೇಳುತ್ತದೆ: ಮೂರು ಸಲ ಹೋಗಿಯೂ ಬೀಗವಿದ್ದರೆ
ಪಕ್ಕದ ಮನೆ ತೆಗೆದುಕೊಳ್ಳಿ.
ತೆಗೆದುಕೊಂಡೆ.
ನೀಲವ್ವನ ಮಗ ಸಾಂಗ್ಲಿಯಲ್ಲಿ ಕಂಡಕ್ಟರ್.
ನನ್ನ ಹೆಬ್ಬೆರಳಿನ ಒಂದೇ ಒತ್ತಿಗೆ
ಹನ್ನೊಂದನೇ ಮನೆಗೆ ಫ್ರಿಜ್ಜು ಬಂತು.

ರಾತ್ರಿ ತಂಗಿಯ ಗಂಡನಿಗೆ ಫೋನು ಮಾಡಿದೆ.
ಗಡಿಯಾಚೆ ಅವನದೂ ಇದೇ ಕೆಲಸ, ಬೇರೆ ಸರಕಾರ.
ಫ್ಯಾಕ್ಟರಿ ಹಿಂದಿನ ಕೊಪ್ಪಿಗಳನ್ನು ಎಣಿಸಿದೆಯಾ?
"ಅವರು ಇಲ್ಲಿನವರಲ್ಲಲ್ಲ, ಭಾವ.
ಆರು ತಿಂಗಳಾದರೂ ಇದ್ದಿರಬೇಕು ಅಂತದ ನಮ್ಮ ಪುಸ್ತಕದಾಗ.
ಇವರು ಐದಕ್ಕ ಎದ್ದು ಹೋಗತಾರ."
ಆಮೇಲೆ ಜೋಳದ ಧಾರಣೆ ಮಾತಾಡಿದೆವು.

ಜುಲೈಯಲ್ಲಿ ಭಿನ್ನರಾಶಿ ಹೇಳುತ್ತಿದ್ದೆ.
ಮೇಲಿನದು ಅಂಶ, ಕೆಳಗಿನದು ಛೇದ.
ಮೂರನೇ ಸಾಲಿನ ದಾನವ್ವ, ಬಗಲಲ್ಲಿ ತಮ್ಮ ಅಮೋಗಿ,
ಎದ್ದು ನಿಂತಳು:
"ಛೇದ ಅಂದ್ರ ಕಡಿಯೂದೇನ್ರಿ ಸರ?"
ಹೌದು.
"ಹಂಗಾದ್ರ ನಮ್ಮಪ್ಪ ನಮ್ಮವ್ವ ಕೆಳಗಿನವರು."
ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ.
ಅಮೋಗಿ ನನ್ನ ಸುಣ್ಣದಕಡ್ಡಿ ತಿನ್ನುತ್ತಿದ್ದ.

ಇಲ್ಲ ದಾನವ್ವ, ಈಗ ಗೊತ್ತಾಯಿತು,
ಕೆಳಗೂ ಇಲ್ಲ ನೀವು. ಮೇಲೂ ಇಲ್ಲ.
ನಡುವೆ ಒಂದು ಗೆರೆ ಎಳೆಯುತ್ತೇನಲ್ಲ,
ಅದರ ಮೇಲೆ ಹಾದುಹೋಗುತ್ತದೆ ನಿಮ್ಮ ಟ್ರ್ಯಾಕ್ಟರು,
ಎರಡು ಟ್ರೇಲರು, ಹಿಂದೆ ಕೆಂಪು ದೀಪವಿಲ್ಲ.

ಜನವರಿಯ ಸಭೆ. ಪರದೆಯ ಮೇಲೆ ರಾಜ್ಯದ ನಕಾಶೆ.
ಹೋದ ಸಲ ಕೆಂಪಿದ್ದ ನಮ್ಮ ತಾಲೂಕು ಕಿತ್ತಳೆಗೆ ತಿರುಗಿತ್ತು.
ಮಕ್ಕಳ ಬಡತನ ಇಳಿಯುತ್ತಿದೆ ಎಂದರು ಸಾಹೇಬರು,
ಸುಳ್ಳು ಹೇಳುವ ಮನುಷ್ಯನಲ್ಲ ಅವರು,
ಅವರ ಕೈಯಲ್ಲಿದ್ದದ್ದು ನಾನು ಕೊಟ್ಟ ಫ್ರಿಜ್ಜು.
ಚಪ್ಪಾಳೆಯ ನಡುವೆ ಚಹಾ ಬಂತು.
ಸಕ್ಕರೆ ಹೆಚ್ಚಾಗಿತ್ತು.
ಯಾವ ರಾಜ್ಯದ್ದೋ, ಯಾರು ಕಡಿದದ್ದೋ,
ಲೋಟ ಮಾತ್ರ ಖಾಲಿ ಮಾಡಿದೆ.

ಎತ್ತರ ಅಳೆಯುವ ದಿನ ದಾನವ್ವ ತುದಿಗಾಲಲ್ಲಿ ನಿಲ್ಲುತ್ತಿದ್ದಳು.
ಹಿಮ್ಮಡ ಊರು, ಅನ್ನುತ್ತಿದ್ದೆ.
ಊರುತ್ತಿದ್ದಳು, ನಾನು ಪಟ್ಟಿಯತ್ತ ತಿರುಗಿದರೆ ಮತ್ತೆ ಎತ್ತುತ್ತಿದ್ದಳು.
ಅವಳ ಆ ಎರಡು ಬೆರಳಿನ ಸುಳ್ಳನ್ನು
ಪೆನ್ಸಿಲ್ ಹಿಡಿದು ತಿದ್ದುವಷ್ಟು ಪ್ರಾಮಾಣಿಕ ನಾನು.

ಏಪ್ರಿಲಿನಲ್ಲಿ ಬಂದಳು.
ಅಂಗೈಯಲ್ಲಿ ಕಬ್ಬಿನ ಸೋಗೆ ಗೀರಿದ ಗಾಯಗಳು,
ಭಿನ್ನರಾಶಿ ಪೂರ್ತಿ ಮರೆತಿದ್ದಳು.
ಕರೆಯದೆಯೇ ಗೋಡೆಗೆ ಬೆನ್ನು ಹಚ್ಚಿ ನಿಂತಳು.
ಈ ಸಲ ಹಿಮ್ಮಡ ಊರಿಯೇ ಇತ್ತು.
ಜೂನಿನ ಗೆರೆ ಅವಳ ನೆತ್ತಿಗೆ ಸರಿಯಾಗಿ ಕೂತಿತು.
ತಿರುಗಿ ಗೆರೆ ನೋಡಿದಳು, ನನ್ನನ್ನು ನೋಡಿದಳು.

"ನಾವು ಇಲ್ಲದಾಗ
ಗ್ವಾಡಿ ಬೆಳದತೇನ್ರಿ ಸರ?"